ಒಂದು 'ಉ' ಅಕ್ಷರ

ಪ್ರೀತಿಯ ಮಗಳೇ,

ಸೋಮವಾರ ಬೆಳಿಗ್ಗೆ ಆರರ ಬುಲೆಟಿನ್ ನಿನ್ನದು ಅಂತ ನಿನ್ನೆ ಫೋನಿನಲ್ಲಿ ಹೇಳಿದೆಯಲ್ಲ, ಆಗಿನಿಂದ ಅಜ್ಜಿ ನಾಲ್ಕು ಸಲ ನಿನ್ನ ಚಾನೆಲಿನ ನಂಬರ್ ಕೇಳಿ ಆಯಿತು. ನಿನಗೆ ಮಾತ್ರ ಎರಡು ಹೆದರಿಕೆ. ಓದುವ ಸಾಲು ತೋರಿಸುವ ಪ್ರಾಂಪ್ಟರ್ ಓಡಿಬಿಟ್ಟರೆ ಎಂತ ಮಾಡುವುದು, ಬಾಯಲ್ಲಿ 'ಉಂಟು' ಬಂದುಬಿಟ್ಟರೆ ಎಂತ ಮಾಡುವುದು.

ಪ್ರಾಂಪ್ಟರ್ ತಿರುಗಿಸುವವನು ನಿನ್ನ ಓದಿನ ಹಿಂದೆ ಬರಬೇಕು ಮಾರಾಯ್ತಿ, ನೀನು ಅವನ ಹಿಂದೆ ಓಡಬಾರದು. ಮೊದಲೇ ಅವನ ಹತ್ತಿರ ಕೂತು ನಾಲ್ಕು ಸಾಲು ಓದಿ ತೋರಿಸು, ನಿನ್ನ ಉಸಿರು ಎಲ್ಲಿ ನಿಲ್ಲುತ್ತದೆ ಅಂತ ಅವನಿಗೆ ಗೊತ್ತಾಗಲಿ. ಕೈಯಲ್ಲಿ ಕಾಗದದ ಪ್ರತಿಯೂ ಇರಲಿ. 'ಉಂಟು' ಬಿಡು ಅಂದರೆ ಬುಲೆಟಿನ್‌ನಲ್ಲಿ ಬಿಡು, 'ಇದೆ' ಅಂದರೆ ನಮಗೇನೂ ಕುಂದಿಲ್ಲ. ಆದರೆ ನಮ್ಮ ಕಡೆಯ ಕಾಪು ಊರನ್ನು ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ 'ಕೌಪ್' ಅಂತ ಓದಿಸಿದರೆ ಸುಮ್ಮನಿರಬೇಡ. ಆ ಡೆಸ್ಕಿನಲ್ಲಿ ಈ ಕಡೆಯವಳು ನೀನೊಬ್ಬಳೇ ಅಂದೆಯಲ್ಲ.

ಊರಿನ ಹೆಸರಿಗೆ ನಾನು ಇಷ್ಟು ಹಟ ಹಿಡಿಯುವುದಕ್ಕೆ ಒಂದು ಕಾರಣ ಉಂಟು. ಈವರೆಗೆ ನಿನಗೆ ಹೇಳಿಲ್ಲ.

2010ರ ಮೇ 22, ಶನಿವಾರ. ನಿನಗೆ ಏಳು ವರ್ಷ, ಬೇಸಗೆ ರಜೆ. ಬೆಳಿಗ್ಗೆ ಆರು ದಾಟಿತ್ತಷ್ಟೇ, ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ನಮ್ಮ ಮಂಗಳೂರಿನ ಬಜ್ಪೆಯ ರನ್‌ವೇ ದಾಟಿ ಕೆಂಜಾರಿನ ಕಣಿವೆಗೆ ಬಿದ್ದು ಹೊತ್ತಿ ಉರಿಯಿತು. 166 ಜನರಲ್ಲಿ ಉಳಿದವರು 8 ಮಂದಿ. ಮಲಗಿದ್ದ ನಿನ್ನನ್ನು ಅಜ್ಜಿಗೆ ಒಪ್ಪಿಸಿ ಸ್ಟುಡಿಯೋಗೆ ಓಡಿದವಳು ಮನೆಗೆ ಬಂದದ್ದು ಮರುದಿನ. ನಮ್ಮದು ಕೇಬಲ್ ಚಾನೆಲ್. ಪ್ರಾಂಪ್ಟರೂ ಇಲ್ಲ, ಕಿವಿಯಲ್ಲಿ ಹೇಳಿಕೊಡುವವರೂ ಇಲ್ಲ. ಕ್ಯಾಮೆರಾದ ಅಡಿಯಿಂದ ಬಗ್ಗಿ ಬಂದು ಚೀಟಿ ಕೊಡುತ್ತಿದ್ದರು, ನಾನು ಓದುತ್ತಿದ್ದೆ. ಗಲ್ಫಿನಲ್ಲಿ ಮನೆಮಂದಿ ಇಲ್ಲದ ಬೀದಿ ಈ ಊರಲ್ಲಿ ಎಲ್ಲಿ ಉಂಟು? ಎಲ್ಲರೂ ಟಿವಿಯ ಮುಂದೆ.

ಮಧ್ಯಾಹ್ನ ತೀರಿಹೋದವರ ಒಂದು ಪಟ್ಟಿ ಬಂತು. ಆಸ್ಪತ್ರೆಯ ಹೊರಗಿದ್ದ ವರದಿಗಾರ ಫೋನಿನಲ್ಲಿ ಹೇಳಿದ್ದನ್ನು ಇಲ್ಲೊಬ್ಬರು ಗೀಚಿಕೊಂಡದ್ದು. ಒಂದು ಹೆಸರಿನ ಮುಂದೆ, ಊರು ಬರೆಯುವ ಜಾಗದಲ್ಲಿ ಬರೀ 'ಉ' ಅಂತ ಇತ್ತು. ಓದಿನ ಭರದಲ್ಲಿ 'ಉಳ್ಳಾಲ' ಅಂದುಬಿಟ್ಟೆ. ಅದು ಕಾಸರಗೋಡು ಕಡೆಯ ಉಪ್ಪಳ. ಯಾರೂ ಹೇಳಿಕೊಟ್ಟದ್ದಲ್ಲ, ಬಾಯಿಗೆ ಹತ್ತಿರದ ಊರು ಬಂತು.

ಹತ್ತು ನಿಮಿಷದಲ್ಲಿ ಫೋನ್. ಉಳ್ಳಾಲದಿಂದ, ವಯಸ್ಸಾದವರ ದನಿ. ಅವರ ಮಗನದ್ದೂ ಅದೇ ಹೆಸರು, ಅವನೂ ದುಬೈಯಲ್ಲಿ. ಅಂದು ಬರುವವನಲ್ಲ ಅಂತ ಗೊತ್ತಿದ್ದರೂ, ಹೇಳದೆ ಹೊರಟಿದ್ದರೆ ಅಂತ ಮನೆಯ ಹೆಂಗಸರು ಅಳಲು ಶುರು ಮಾಡಿದ್ದರಂತೆ. ಅಲ್ಲಿಗೆ ಫೋನ್ ಹಚ್ಚಿದರೆ ಮಗನೇ ಎತ್ತಿದ. "ನನ್ನ ಮಗನಿಗೆ ಜೀವ ಉಂಟಮ್ಮ. ನೀವು ಓದಿದ ಆ ಹುಡುಗ ಯಾರ ಮನೆಯವನು? ಅವರಿಗೆ ಗೊತ್ತಾಗಿದೆಯಾ?" ಅಂತ ಕೇಳಿದರು. ಒಂದು ಬೈಗುಳ ಇಲ್ಲ. ನನಗೆ ರಿಸೀವರ್ ಇಡಲಿಕ್ಕೂ ಕೈ ಬರಲಿಲ್ಲ.

ಕೂಡಲೇ ತಿದ್ದಿ ಓದಿದೆ, ತಪ್ಪು ನನ್ನದು ಅಂತ ಹೇಳಿಯೇ ಓದಿದೆ. ಆಮೇಲೆ ಯಾವ ಪಟ್ಟಿ ಬಂದರೂ ಸಂಶಯದ ಅಕ್ಷರಕ್ಕೆ ಪೆನ್ಸಿಲಿನಲ್ಲಿ ಸುತ್ತು ಹಾಕಿ, ಕೇಳಿ, ಮತ್ತೆಯೇ ಓದಿದ್ದು. 'ಬೇರೆ ಚಾನೆಲಿನಲ್ಲಿ ಆಗಲೇ ಬಂತು' ಅಂತ ಜೊತೆಯವರಿಗೆ ಕಿರಿಕಿರಿಯಾಗುತ್ತಿತ್ತು. ನಿನಗಾದರೆ ಕಿವಿಯೊಳಗೇ ಕಿರುಚುತ್ತಾರೆ. ಆಗ 'ಊರು ಇನ್ನೂ ಖಚಿತವಾಗಿಲ್ಲ' ಅಂತ ಧೈರ್ಯವಾಗಿ ಓದು. ನಮ್ಮ ಜಿಲ್ಲೆಯ ಗಲಾಟೆಯ ಸುದ್ದಿ ಬಂದರಂತೂ ದನಿ ಏರಿಸಬೇಡ. ಅಲ್ಲಿ ನಿನ್ನ ದನಿ ಏರಿದರೆ ಇಲ್ಲಿ ಅಂಗಡಿಗಳ ಶಟರ್ ಇಳಿಯುತ್ತದೆ, ತಾಯಂದಿರು ಶಾಲೆಗೆ ಓಡುತ್ತಾರೆ. ನಾನೂ ಓಡಿದ್ದೇನೆ, ನಿನ್ನನ್ನು ಕರೆತರಲು.

ಸೀರೆ, ಮೇಕಪ್ಪಿನ ವಿಷಯ ಅವರು ಹೇಳಿದ ಹಾಗೆ ಮಾಡು. ದಪ್ಪಗಾದೆ ಅಂತ ಯಾರಾದರೂ ಅಂದರೆ ನನಗೆ ಫೋನ್ ಮಾಡು.

ನಾಳೆ ರಾತ್ರಿಯ ಬಸ್ಸಿಗೆ ಹಲಸಿನ ಹಪ್ಪಳ, ಮಾಂಬಳ ಹಾಕುತ್ತೇನೆ. ಮೇಲೆ ಒಂದು ಲಕೋಟೆ ಉಂಟು. ಅದರಲ್ಲಿ ಇಷ್ಟು ವರ್ಷ ನನ್ನ ಕಪಾಟಿನಲ್ಲಿದ್ದ ಹಾಳೆ. ಆ 'ಉ' ಹಾಗೆಯೇ ಉಂಟು, ಅದರ ಪಕ್ಕದಲ್ಲಿ ಆಮೇಲೆ ನಾನು ಬರೆದ ಉಪ್ಪಳವೂ. ಹಪ್ಪಳದ ಎಣ್ಣೆ ತಾಗದ ಹಾಗೆ ನೋಡಿಕೋ.

ನಿನ್ನ
ಅಮ್ಮ