ಆ ಕಾರ್ಡಿಗೆ ಒಂದು ಸಾಲು ಸೇರಿಸಿ: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ ನಮಸ್ಕಾರಗಳು.

ಈ ಪತ್ರವನ್ನು ಆರು ವರ್ಷದ ಹಿಂದೆಯೇ ಬರೆಯಬೇಕಿತ್ತು. ಆಗ ಶಕ್ತಿ ಇರಲಿಲ್ಲ. ಆಮೇಲೆ ಮಗು, ಮನೆ, ಕೆಲಸ ಅಂತ ದಿನ ಕಳೆದುಹೋಯಿತು. ಕಳೆದ ವಾರ ತಂಗಿಯನ್ನು ಗರ್ಭಿಣಿಯರ ತಪಾಸಣೆಗೆ ಕರೆದುಕೊಂಡು ಹೋಗಿದ್ದೆ. ಅವಳಿಗೀಗ ಐದು ತಿಂಗಳು. ಹೊರಗೆ ಬಂದ ಮೇಲೆ ಅವಳ ಕಾರ್ಡ್ ತೆಗೆದು ನೋಡಿದೆ. ತೂಕ, ಬಿಪಿ, ಹಿಮೋಗ್ಲೋಬಿನ್, ಮೂತ್ರ ಪರೀಕ್ಷೆ, ಮಗುವಿನ ಎದೆಬಡಿತ. ನನ್ನ ಕಾರ್ಡಿನಲ್ಲಿ ಇದ್ದದ್ದೂ ಇಷ್ಟೇ. ಆರು ವರ್ಷದಲ್ಲಿ ಒಂದು ಸಾಲೂ ಸೇರಿಲ್ಲ. ಮನೆಗೆ ಬಂದವಳೇ ಬರೆಯೋಕೆ ಕೂತೆ.

ನನ್ನ ಕಥೆ ಸ್ವಲ್ಪ ಉದ್ದ. ದಯವಿಟ್ಟು ಪೂರ್ತಿ ಓದಿ.

ಐದನೇ ತಿಂಗಳಲ್ಲಿ ನನಗೆ ನಿದ್ದೆ ಬರುವುದು ನಿಂತಿತು. ಹೊಟ್ಟೆ ದೊಡ್ಡದಾಗುತ್ತಿದೆ, ಅದಕ್ಕೇ ಇರಬೇಕು ಅಂದುಕೊಂಡೆ. ಆದರೆ ರಾತ್ರಿ ಮೂರು ಗಂಟೆಗೆ ಎಚ್ಚರವಾದರೆ ಬೆಳಗಿನ ತನಕ ಎದೆ ಡವಡವ. ಏನೋ ಕೆಟ್ಟದ್ದು ಆಗೇ ಆಗುತ್ತದೆ ಅನ್ನುವ ಭಯ. ಯಾಕೆ ಅಂತ ಕೇಳಿದರೆ ಹೇಳೋಕೆ ಬರುತ್ತಿರಲಿಲ್ಲ. ಏಳನೇ ತಿಂಗಳ ಹೊತ್ತಿಗೆ ತಲೆ ಬಾಚಿಕೊಳ್ಳುವುದೂ ಬೇಡವಾಗಿತ್ತು. ಮಗು ಒದ್ದರೆ ಮನೆಯವರೆಲ್ಲ ಖುಷಿಪಡುತ್ತಿದ್ದರು. ನನಗೆ ಏನೂ ಅನ್ನಿಸುತ್ತಿರಲಿಲ್ಲ. ಏನೂ ಅನ್ನಿಸುತ್ತಿಲ್ಲವಲ್ಲ ಅಂತಲೇ ಅಳು ಬರುತ್ತಿತ್ತು.

ಆ ತಿಂಗಳ ತಪಾಸಣೆಯಲ್ಲಿ ಧೈರ್ಯ ಮಾಡಿ ಹೇಳಿಬಿಟ್ಟೆ. "ಡಾಕ್ಟ್ರೇ, ನನಗೆ ಬದುಕೋದೇ ಬೇಡ ಅನ್ನಿಸ್ತಿದೆ." ಈ ಒಂದು ಮಾತು ಬಾಯಿಗೆ ಬರೋಕೆ ಎರಡು ತಿಂಗಳು ಹಿಡಿದಿತ್ತು. ಬಿಪಿ ಪಟ್ಟಿ ಬಿಚ್ಚುತ್ತಿದ್ದವರು ತಲೆ ಎತ್ತಿಯೂ ನೋಡಲಿಲ್ಲ. "ಬಸುರಿಯರಿಗೆ ಇದೆಲ್ಲ ಮಾಮೂಲು. ಖುಷಿಯಾಗಿರಬೇಕಮ್ಮ. ಹೀಗೆ ಅಳ್ತಾ ಕೂತ್ರೆ ಮಗುವಿನ ಮೆದುಳು ಸರಿಯಾಗಿ ಬೆಳೆಯಲ್ಲ, ನೆನಪಿರಲಿ" ಅಂದರು. ಮುಂದಿನವರನ್ನು ಕರೆದರು. ಮನೆಗೆ ಬಂದು ಕಾರ್ಡ್ ನೋಡಿದೆ. ಆ ದಿನದ ಸಾಲಿನ ಕೊನೆಯಲ್ಲಿ ಬರೆದಿತ್ತು: "ತೊಂದರೆ ಏನೂ ಇಲ್ಲ."

ಸಚಿವರೇ, ಬದುಕೋದು ಬೇಡ ಅಂತ ಬಾಯಿಬಿಟ್ಟು ಹೇಳಿದವಳ ಕಾರ್ಡಿನಲ್ಲಿ "ತೊಂದರೆ ಏನೂ ಇಲ್ಲ". ಅವತ್ತು ನನ್ನ ಬಿಪಿ 160 ಇದ್ದಿದ್ದರೆ ಸುಮ್ನೆ ಮನೆಗೆ ಕಳಿಸುತ್ತಿದ್ದರಾ?

ಆ ರಾತ್ರಿಯಿಂದ ಇದ್ದ ಭಯದ ಜೊತೆಗೆ ಹೊಸದೊಂದು ಸೇರಿತು. ಅತ್ತರೆ ಮಗುವಿನ ಮೆದುಳು ಹಾಳು. ದಿಂಬಿಗೆ ಮುಖ ಒತ್ತಿ ಅಳು ನುಂಗಿದ್ದೇನೆ. ನುಂಗಿದಷ್ಟೂ ಜಾಸ್ತಿಯಾಗುತ್ತಿತ್ತು. ಕೊನೆಗೆ ನಮ್ಮಮ್ಮ ನನ್ನ ಮುಖ ನೋಡಿಯೇ ತಿಳಿದುಕೊಂಡು, ಯಾರನ್ನೋ ಕೇಳಿ, ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದರು. ಅಲ್ಲಿ ಮೊದಲ ಸಲ ಒಬ್ಬರು ನನ್ನನ್ನು ಕೂರಿಸಿಕೊಂಡು ಪೂರ್ತಿ ಕೇಳಿಸಿಕೊಂಡರು. ಅಮ್ಮನಿಗೆ ಗೊತ್ತಾಗದೇ ಹೋಗಿದ್ದರೆ? ನಾನು ಅದನ್ನು ಯೋಚಿಸಲು ಹೋಗುವುದಿಲ್ಲ.

ಮಗ ಹುಟ್ಟಿದ. ಮಾತು ಸ್ವಲ್ಪ ತಡವಾಗಿ ಬಂತು. ಎಷ್ಟೋ ಮಕ್ಕಳಿಗೆ ಹಾಗಾಗುತ್ತದೆ. ಆದರೆ ನನಗೆ ಪ್ರತಿದಿನ ಕಿವಿಯಲ್ಲಿ ಆ ಡಾಕ್ಟರ ಮಾತೇ. ಈಗ ಅವನು ಶಾಲೆಗೆ ಹೋಗುತ್ತಾನೆ, ದಿನವಿಡೀ ಮಾತಾಡುತ್ತಾನೆ, ಚೆನ್ನಾಗಿದ್ದಾನೆ. ಆದರೂ ಅವನು ಒಂದು ಲೆಕ್ಕ ತಪ್ಪು ಮಾಡಿದರೆ ಸಾಕು, ನನ್ನ ಹೊಟ್ಟೆ ಈಗಲೂ ಹಿಂಡುತ್ತದೆ.

ಆಮೇಲೆ ನಾನೇ ಓದಿಕೊಂಡೆ. ಡಾಕ್ಟರು ಹೇಳಿದ್ದು ಅರ್ಧ ನಿಜ. ತಾಯಿಗೆ ಆತಂಕವಾದಾಗ ಕಾರ್ಟಿಸೋಲ್ ಅನ್ನುವ ಹಾರ್ಮೋನ್ ಏರುತ್ತದೆ. ಹೊಟ್ಟೆಯಲ್ಲಿ ಮಗುವಿಗೆ ಆಹಾರ ಸಾಗಿಸುವ ಮಾಸಿನಲ್ಲಿ (ಪ್ಲಸೆಂಟಾ) ಒಂದು ಕಿಣ್ವ, ಅಂದರೆ ಎನ್‌ಜೈಮ್ ಇದೆ. ಅದು ಆ ಕಾರ್ಟಿಸೋಲ್‌ನಲ್ಲಿ ಹೆಚ್ಚಿನ ಪಾಲನ್ನು ಮಗುವಿಗೆ ತಲುಪುವ ಮೊದಲೇ ನಿರುಪದ್ರವಿ ಮಾಡುತ್ತದೆ. ಅಂದರೆ ಅಂದಂದಿನ ಅಳು, ಜಗಳ, ಬೇಸರಕ್ಕೆಲ್ಲ ಒಂದು ಕಾವಲು ಇದ್ದೇ ಇದೆ. ಇದನ್ನು ಯಾರಾದರೂ ಅವತ್ತು ನನಗೆ ಹೇಳಿದ್ದರೆ! ಆತಂಕ ತಿಂಗಳುಗಟ್ಟಲೆ ಹಾಗೇ ಉಳಿದರೆ ಈ ಕಾವಲು ಸಡಿಲವಾಗಬಹುದು ಅನ್ನುತ್ತಾರೆ ತಜ್ಞರು. ವಾಷಿಂಗ್ಟನ್ನಿನ ಒಂದು ಮಕ್ಕಳ ಆಸ್ಪತ್ರೆಯವರು 119 ಗರ್ಭಿಣಿಯರ ಹೊಟ್ಟೆಯಲ್ಲಿರುವ ಮಗುವಿನ ಮೆದುಳನ್ನು ಎಂಆರ್‌ಐನಲ್ಲಿ ನೋಡಿ 2020ರಲ್ಲಿ ವರದಿ ಮಾಡಿದ್ದಾರೆ. ಆತಂಕ ಜಾಸ್ತಿ ಇದ್ದ ತಾಯಂದಿರ ಮಕ್ಕಳಲ್ಲಿ ನೆನಪಿಗೆ, ಕಲಿಕೆಗೆ ಬೇಕಾದ ಹಿಪೊಕ್ಯಾಂಪಸ್ ಅನ್ನುವ ಭಾಗ ಎಡಗಡೆ ಚಿಕ್ಕದಾಗಿತ್ತು. ಹಾಗಂತ ಆ ಮಕ್ಕಳ ಹಣೆಬರಹ ಅಲ್ಲಿಗೇ ಮುಗಿಯಿತು ಅಂತಲ್ಲ. ತಾಯಿಗೆ ಹೀಗಾದರೂ ಹೆಚ್ಚಿನ ಮಕ್ಕಳು ಚೆನ್ನಾಗಿಯೇ ಬೆಳೆಯುತ್ತಾರೆ. ಹುಟ್ಟಿದ ಮೇಲೂ ಮೆದುಳು ವರ್ಷಗಟ್ಟಲೆ ಬೆಳೆಯುತ್ತಲೇ ಇರುತ್ತದೆ.

ಇದೆಲ್ಲ ನಿಮಗೆ ಗೊತ್ತಿಲ್ಲದ್ದಲ್ಲ. ಗರ್ಭ ನಿಂತ ಮೊದಲ 28 ದಿನದೊಳಗೆ ಮುಂದೆ ಮಗುವಿನ ಮೆದುಳು, ಬೆನ್ನುಹುರಿ ಆಗುವ ನರನಾಳ ಮುಚ್ಚಿಕೊಳ್ಳಬೇಕು ಅಂತಲೇ ಫೋಲಿಕ್ ಆಸಿಡ್ ಮಾತ್ರೆ ಕೊಡುತ್ತೀರಿ. ಮಗುವಿನ ಮೆದುಳಿನ ಚಿಂತೆ ನಿಮಗೂ ಇದೆ ಅಂತಾಯಿತು. ಆ ಚಿಂತೆ ಮಾತ್ರೆಯ ಹತ್ತಿರವೇ ಯಾಕೆ ನಿಂತುಬಿಟ್ಟಿತು? ಮುಂದಿನ ಎಂಟು ತಿಂಗಳು ಅದೇ ಮೆದುಳನ್ನು ಹೊತ್ತು ತಿರುಗುವವಳ ಮನಸ್ಸು ಹೇಗಿದೆ ಅಂತ ಕೇಳುವವರು ಯಾರೂ ಇಲ್ಲ. ಮಗುವಿಗೆ ತೊಂದರೆ ಆಗಬಹುದು ಅಂತ ತಿಳಿದು ಎಚ್ಚೆತ್ತುಕೊಳ್ಳಬೇಕಾದವರು ನೀವು. ಅದನ್ನು ಬಸುರಿಯ ತಲೆಗೇ ಕಟ್ಟಿ ಮನೆಗೆ ಕಳಿಸುತ್ತಿದ್ದೀರಿ.

ಒಂದೇ ಒಂದು ಬೇಡಿಕೆ. ಪ್ರತಿ ಗರ್ಭಿಣಿಯ ಕಾರ್ಡಿನಲ್ಲಿ ಮನಸ್ಸಿಗೊಂದು ಸಾಲು ಸೇರಿಸಿ. ಪ್ರತಿ ತಪಾಸಣೆಯಲ್ಲಿ ಕೇಳಿ. ಬರೆದುಕೊಳ್ಳಿ.

ಏನು ಕೇಳಬೇಕು ಅನ್ನುವುದನ್ನು ಹೊಸದಾಗಿ ಹುಡುಕಬೇಕಿಲ್ಲ. ಖಿನ್ನತೆ ಇದೆಯಾ ಅಂತ ಗುರುತಿಸೋಕೆ ಎಡಿನ್‌ಬರೋ ಪ್ರಶ್ನಾವಳಿ ಅಂತ ಇದೆ. 1987ರಲ್ಲಿ ಬಾಣಂತಿಯರಿಗಾಗಿ ಮಾಡಿದ್ದು, ಆಮೇಲೆ ಗರ್ಭಿಣಿಯರಿಗೂ ಬಳಕೆಗೆ ಬಂತು. ಹತ್ತೇ ಪ್ರಶ್ನೆ. ಹಿಂದಿನ ಏಳು ದಿನ ಹೇಗಿದ್ದಿರಿ ಅನ್ನುವುದರ ಬಗ್ಗೆ. ಐದು ನಿಮಿಷ ಸಾಕು. ಅದರ ಹತ್ತನೇ ಪ್ರಶ್ನೆ, ನನಗೆ ನಾನೇ ಏನಾದರೂ ಮಾಡಿಕೊಳ್ಳಬೇಕು ಅನ್ನಿಸಿದೆಯಾ ಅನ್ನುವುದು. ಅವತ್ತು ಅದನ್ನು ಕೇಳಿದ್ದರೆ ನಾನು ಎರಡು ತಿಂಗಳು ಧೈರ್ಯ ಕೂಡಿಸಬೇಕಿರಲಿಲ್ಲ. ಹೌದು ಅಂದರೆ ಸಾಕಿತ್ತು.

ಮನೋವೈದ್ಯರು ಸಾಕಷ್ಟಿಲ್ಲ ಅನ್ನಬಹುದು ನೀವು. ನಿಜ, ಸಾಕಷ್ಟಿಲ್ಲ. ಆದರೆ ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಮನೆಮನೆಗೆ ಹೋಗುವ ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತಿ ಕೊಟ್ಟರು. ಅವರು ಖಿನ್ನತೆ ಇದ್ದ ಗರ್ಭಿಣಿಯರ ಜೊತೆ ಹೆರಿಗೆಗೆ ಮುಂಚೆಯೇ ಕೂತು ಮಾತಾಡತೊಡಗಿದರು, ಹೆರಿಗೆಯ ನಂತರವೂ ಬಿಡಲಿಲ್ಲ. ಮಗುವಿಗೆ ಆರು ತಿಂಗಳಾದಾಗ ಖಿನ್ನತೆ ಉಳಿದಿದ್ದವರು ಶೇ 23. ಆ ಮಾತುಕತೆ ಸಿಗದವರಲ್ಲಿ ಶೇ 53. ಇದು 2008ರಷ್ಟು ಹಳೆಯ ಫಲಿತಾಂಶ. ಗರ್ಭಿಣಿಯರಲ್ಲಿ ಶೇ 10ರಷ್ಟು ಜನಕ್ಕೆ, ಅಭಿವೃದ್ಧಿ ಹೊಂದುತ್ತಿರುವ ದೇಶಗಳಲ್ಲಿ ಶೇ 15.6ರಷ್ಟು ಜನಕ್ಕೆ ಮಾನಸಿಕ ತೊಂದರೆ ಇದೆ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ತಾಯಿ ಮಗುವಿನ ತಪಾಸಣೆಯಲ್ಲೇ ಮನಸ್ಸಿನ ಆರೈಕೆಯನ್ನೂ ಸೇರಿಸುವುದು ಹೇಗೆ ಅಂತ 2022ರಲ್ಲಿ ಕೈಪಿಡಿಯನ್ನೇ ಕೊಟ್ಟಿದೆ. ನಿಮ್ಮ ಇಲಾಖೆಯಲ್ಲಿ ಅದನ್ನು ಯಾರಾದರೂ ತೆರೆದು ನೋಡಿದ್ದಾರಾ?

ಸುಮ್ನೆ ಪ್ರಶ್ನೆ ಅಚ್ಚು ಹಾಕಿ ಕೈತೊಳೆದುಕೊಳ್ಳಬೇಡಿ. ಹೌದು ಅಂದವಳನ್ನು ಅವತ್ತೇ ಕಳಿಸೋಕೆ ಒಂದು ಬಾಗಿಲು ಇರಬೇಕು. ಅಲ್ಲಿ ಕೂತು ಕೇಳಿಸಿಕೊಳ್ಳುವವರು ಇರಬೇಕು. "ಖುಷಿಯಾಗಿರಬೇಕಮ್ಮ" ಅನ್ನುವುದನ್ನು ಚಿಕಿತ್ಸೆ ಅಂದುಕೊಂಡವರು ಅಲ್ಲಿ ಬೇಡ.

ಮತ್ತೆ ಕೇಳುತ್ತೇನೆ, ಒಂದು ಸಾಲು ಸೇರಿಸಿ. ಆರು ವರ್ಷ ಕಾದಿದ್ದೇನೆ, ನನಗೆ ಸಾಕಾಗಿದೆ.

ತಂಗಿಗೆ ನಾಲ್ಕು ವಾರ ಬಿಟ್ಟು ಮತ್ತೆ ತಪಾಸಣೆ ಇದೆ. ಅವಳ ಜೊತೆ ನಾನೇ ಹೋಗುತ್ತೇನೆ. ಅವಳನ್ನು ಯಾರೂ ಕೇಳದಿದ್ದರೆ ಆ ಹತ್ತು ಪ್ರಶ್ನೆಗಳನ್ನು ಅಲ್ಲೇ ಬೆಂಚಿನ ಮೇಲೆ ಕೂತು ನಾನೇ ಕೇಳುತ್ತೇನೆ. ಪಕ್ಕದಲ್ಲಿ ಕೂತವಳಿಗೆ ಅಕ್ಕ ಇಲ್ಲದಿರಬಹುದು, ಸಚಿವರೇ. ಅವಳನ್ನೂ ಯಾರಾದರೂ ಕೇಳುವ ಹಾಗೆ ನೀವು ಮಾಡಬೇಕು.

ಇಂತಿ,
ಆರು ವರ್ಷದ ಮಗನ ತಾಯಿ