ಗೋಳಗುಮ್ಮಟಕ್ಕಿಂತ ಒಂದು ಜಾಸ್ತಿ

ಪ್ರೀತಿಯ ತಂಗಿ,

ನಿನ್ನ ಚಿತ್ರಕಥೆಯ ನಲವತ್ತು ಪುಟ ಎರಡು ಸಲ ಓದಿದೆ. ಮೊದಲನೇ ಸಲ ರಾತ್ರಿ ಊಟ ಆದಮೇಲೆ ಒಂದೇ ಪಟ್ಟಿಗೆ ಕೂತು, ಎರಡನೇ ಸಲ ಬೆಳಿಗ್ಗೆ ಪೆನ್ಸಿಲ್ ಹಿಡಿದು. ಬೆಳಗಾವಿಯ ಒಂದು ಆರ್ಕೆಸ್ಟ್ರಾ ತಂಡ, ಅವರ ಹಿಂದೆ ಕ್ಯಾಮೆರಾ ಹಿಡಿದು ಊರೂರು ತಿರುಗುವ ಒಬ್ಬ ಹುಡುಗ, ಗಣಪತಿ ಹಬ್ಬದಿಂದ ಶುರುವಾಗಿ ಜಾತ್ರೆಗಳೆಲ್ಲ ಮುಗಿಯುವವರೆಗಿನ ಅವರ ಓಡಾಟ. ನಿಜವಾದ ಸಾಕ್ಷ್ಯಚಿತ್ರದ ಹಾಗೆ ಕಾಣಬೇಕು, ಆದರೆ ಎಲ್ಲವೂ ಕಟ್ಟಿದ ಕಥೆ. ಐಡಿಯಾ ಬಹಳ ಚೆನ್ನಾಗಿದೆ. ಇದನ್ನು ಕೈ ಬಿಡಬೇಡ.

ಇಲ್ಲದ ಒಂದು ರಾಕ್ ಬ್ಯಾಂಡಿನ ಮೇಲೆ ಸಾಕ್ಷ್ಯಚಿತ್ರದ ಹಾಗೆ ಮಾಡಿದ ಇಂಗ್ಲಿಷ್ ಹಾಸ್ಯ ಸಿನಿಮಾ 'ದಿಸ್ ಈಸ್ ಸ್ಪೈನಲ್ ಟ್ಯಾಪ್' ನೋಡಿ ನಗು ತಡೆಯಲಾಗಲಿಲ್ಲ, ಆದರೆ ನಾನು ಬರೆದದ್ದನ್ನು ಗೆಳತಿಯರಿಗೆ ಓದಿ ಹೇಳಿದರೆ ಯಾರೂ ನಗಲಿಲ್ಲ, ಎಲ್ಲಿ ತಪ್ಪಿದೆ ಎಂದು ಕೇಳಿದ್ದೀಯ. ನೇರವಾಗಿ ಹೇಳುತ್ತೇನೆ. ನಿನ್ನ ತಂಡದವರು ತಪ್ಪು ಮಾಡುತ್ತಾರೆ, ಆದರೆ ಆ ತಪ್ಪು ಎಲ್ಲಿ ಹುಟ್ಟಿತು ಅನ್ನೋದು ನಿನಗೇ ಗೊತ್ತಿಲ್ಲ. ಆ ಸಿನಿಮಾ ಮಾಡಿದವರಿಗೆ ಪ್ರತಿಯೊಂದು ತಪ್ಪಿನ ಹುಟ್ಟೂರು ಗೊತ್ತಿತ್ತು.

ಸ್ಟೋನ್‌ಹೆಂಜ್ ದೃಶ್ಯವನ್ನೇ ತಗೋ. ಇಂಗ್ಲೆಂಡಿನ ಆ ಹಳೇ ಕಲ್ಲುಕಂಬಗಳ ಪ್ರತಿಕೃತಿಯನ್ನು ವೇದಿಕೆ ಮೇಲೆ ಇಳಿಸಬೇಕು ಅಂತ ಬ್ಯಾಂಡಿನವರಿಗೆ ಆಸೆ. ಗಿಟಾರ್ ನುಡಿಸುವ ನೈಜೆಲ್ ಒಂದು ಕಾಗದದ ಕರವಸ್ತ್ರದ ಮೇಲೆ ಚಿತ್ರ ಬರೆದು ಅಳತೆ ಹಾಕುತ್ತಾನೆ. ಹದಿನೆಂಟು ಅಡಿ ಅನ್ನೋದು ಅವನ ಮನಸ್ಸಿನಲ್ಲಿದೆ. ಅಂಕಿಯ ಪಕ್ಕ ಒಂದು ಗೀಟು ಹಾಕಿದರೆ ಅಡಿ, ಎರಡು ಹಾಕಿದರೆ ಇಂಚು. ಅವನು ಎರಡು ಹಾಕಿದ. ಮಾಡಿಕೊಡುವಾಕೆ ಕೈಯಲ್ಲಿದ್ದ ಕಾಗದದಲ್ಲಿ ಇದ್ದದ್ದನ್ನೇ ಮಾಡಿದಳು, ಅದೂ ಬಹಳ ಚೆನ್ನಾಗಿ ಮಾಡಿದಳು. ಆಮೇಲೆ ಹೊಗೆ, ದೀಪ, ಗಂಭೀರವಾದ ಮಾತು, ಮೇಲಿನಿಂದ ನಿಧಾನಕ್ಕೆ ಇಳಿಯುವುದು ಮೊಣಕಾಲಿಗೂ ಬರದ ಒಂದು ಕಲ್ಲು. ಈ ಇಡೀ ಅನಾಹುತದಲ್ಲಿ ದಡ್ಡರು ಅಂತ ಒಬ್ಬರನ್ನು ತೋರಿಸು ನೋಡೋಣ. ಇಲ್ಲ. ಒಂದು ಗೀಟು ಜಾಸ್ತಿ ಆಗಿದೆ, ಅಷ್ಟೇ.

ನೀನು ಅದನ್ನೇ ನಮ್ಮ ಕಡೆಗೆ ತಂದಿದ್ದೀಯ. ಥರ್ಮಾಕೋಲ್ ಗೋಳಗುಮ್ಮಟ ಮಾಡಲು ಹೇಳಿದರೆ ಬುಟ್ಟಿಯಷ್ಟು ಗಾತ್ರದ್ದು ಬರುತ್ತದೆ. ಯಾಕೆ ಬಂತು? ನಿನ್ನ ಹಾಳೆಯಲ್ಲಿ ಉತ್ತರ ಇಲ್ಲ. ಥರ್ಮಾಕೋಲ್ ಕೊರೆಯುವವನು ಪೆದ್ದ, ಅದಕ್ಕೆ ಬಂತು. ತಂಗಿ, ಮದುವೆ ಮಂಟಪಕ್ಕೆ, ಗಣಪತಿ ಪೆಂಡಾಲಿಗೆ ಥರ್ಮಾಕೋಲ್ ಕೊರೆಯುವವರ ಹತ್ತಿರ ಒಂದು ಮಧ್ಯಾಹ್ನ ಕೂತು ನೋಡು. ಬಿಸಿ ತಂತಿಯಲ್ಲಿ ಕಮಾನು ಕೊರೆಯುವಾಗ ಅವರು ಉಸಿರು ಸಹ ಹಿಡಿದಿರುತ್ತಾರೆ. ಅಂಥವನು ಗೋಳಗುಮ್ಮಟವನ್ನು ಸುಮ್ನೆ ಚಿಕ್ಕದಾಗಿ ಮಾಡುವುದಿಲ್ಲ. ಅವನಿಗೆ ಒಂದು ಕಾರಣ ಇರಬೇಕು, ಮತ್ತೆ ಆ ಕಾರಣ ಅವನ ಮಟ್ಟಿಗೆ ಸರಿ ಇರಬೇಕು. ಅಥವಾ ಆ ದೃಶ್ಯವನ್ನೇ ತೆಗೆದುಬಿಡು. ಹೇಗೂ ಅದು ಇನ್ನೊಬ್ಬರ ದೃಶ್ಯ, ನೋಡಿದವರಿಗೆ ಥಟ್ಟನೆ ಗೊತ್ತಾಗುತ್ತದೆ.

ಗೋಳಗುಮ್ಮಟ ಬೇಕೇ ಬೇಕು ಅಂದರೆ ನನ್ನ ಹತ್ತಿರ ಒಂದಿದೆ, ತಗೋ.

ವಿಜಯಪುರದ ಸಿದ್ಧೇಶ್ವರ ಜಾತ್ರೆ, ಸಂಕ್ರಮಣದ ಚಳಿ. ಆರ್ಕೆಸ್ಟ್ರಾ ಶುರುವಾಗುವ ಮುಂಚೆ ನಾನು ಸೌಂಡ್ ಸಿಸ್ಟಮ್ಮಿನವನ ಪಕ್ಕ ಕೂತಿದ್ದೆ. ಹಲೋ ಹಲೋ ಮೈಕ್ ಟೆಸ್ಟಿಂಗ್ ನಡೆದಿತ್ತು. ಮುಖ್ಯ ಗಾಯಕರು, ವಯಸ್ಸು ಐವತ್ತು ದಾಟಿತ್ತು, ಹೊಳೆಯುವ ನೀಲಿ ಕೋಟು, ಕೊರಳಿಗೆ ಮಫ್ಲರ್, ಕೆಳಗೆ ಬಂದು ಎಕೋ ಜಾಸ್ತಿ ಮಾಡು ಎಂದರು. ಅವನು ನಾಬ್ ತಿರುಗಿಸಿದ. ಇನ್ನೂ ಬೇಕು ಎಂದರು. ಮತ್ತೆ ತಿರುಗಿಸಿದ. ಎಷ್ಟು ಬೇಕ್ರಿ ಸರ್ ನಿಮಗ, ಎಂದು ಆತ ಕೇಳಿದ. ಅವರು ಸ್ವಲ್ಪ ಹೊತ್ತು ಯೋಚನೆ ಮಾಡಿ ಹೇಳಿದರು: "ಗೋಳಗುಮ್ಮಟದಾಗ ಒಮ್ಮೆ ಕೂಗಿದ್ರ ಏಳ ಸಲ ಬರ್ತೈತಿ. ನನಗ ಎಂಟ ಬೇಕು."

ಅವರು ತಮಾಷೆಗೆ ಹೇಳಲಿಲ್ಲ. ಲೆಕ್ಕ ಹಾಕಿ ಹೇಳಿದರು. ಚಿಕ್ಕವರಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಆ ಪಿಸುಮಾತಿನ ಗ್ಯಾಲರಿಗೆ ಹೋಗಿದ್ದು, ಅಲ್ಲಿ ತಮ್ಮ ದನಿ ತಾವೇ ಮೊದಲ ಸಲ ಕೇಳಿ ಗಾಯಕ ಆಗಬೇಕು ಅಂತ ಅನ್ನಿಸಿದ್ದು, ಇದನ್ನೆಲ್ಲ ಆಮೇಲೆ ಚಹಾ ಕುಡಿಯುವಾಗ ನನಗೆ ಹೇಳಿದರು. ಆ ರಾತ್ರಿ ಅವರು ಹಾಡಿದ ಹಾಡಿನ ಒಂದು ಶಬ್ದವೂ ಯಾರಿಗೂ ತಿಳಿಯಲಿಲ್ಲ, ಒಂದು ಸಾಲಿನ ಮೇಲೆ ಇನ್ನೊಂದು ಸಾಲು ಹತ್ತಿ ಕೂತಿತ್ತು. ಅವರು ಕಣ್ಣು ಮುಚ್ಚಿ ಹಾಡುತ್ತಲೇ ಇದ್ದರು. ನಾನು ನಕ್ಕೆ, ನನ್ನ ಪಕ್ಕದವರೂ ನಕ್ಕರು, ಆದರೆ ಹಾಡು ಮುಗಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವರೂ ನಾವೇ.

ಈಗ ಸಿನಿಮಾದ ಹನ್ನೊಂದರ ದೃಶ್ಯ ನೆನಪಿಸಿಕೋ. ಎಲ್ಲರ ಆಂಪ್ಲಿಫೈಯರಿನಲ್ಲಿ ದನಿ ಜೋರು ಮಾಡುವ ನಾಬ್ ಹತ್ತಕ್ಕೆ ನಿಲ್ಲುತ್ತದೆ, ನಮ್ಮದು ಹನ್ನೊಂದಕ್ಕೆ ಹೋಗುತ್ತದೆ ಅಂತ ನೈಜೆಲ್ ತೋರಿಸುತ್ತಾನೆ. ಹತ್ತನ್ನೇ ಇನ್ನಷ್ಟು ಜೋರು ಮಾಡಬಹುದಿತ್ತಲ್ಲ ಎಂದು ಸಾಕ್ಷ್ಯಚಿತ್ರದವನು ಕೇಳುತ್ತಾನೆ. ನೈಜೆಲ್ ಸುಮ್ಮನಾಗುತ್ತಾನೆ. ಆ ಮೌನವನ್ನು ನೋಡು, ಮಾತನ್ನಲ್ಲ. ಪ್ರಶ್ನೆ ಅವನ ತಲೆಯೊಳಗೆ ಹೋಗಿ, ಅಲ್ಲಿ ಜಾಗ ಹುಡುಕಿ, ಸಿಗದೆ ವಾಪಸ್ ಬರುವುದು ಅವನ ಮುಖದಲ್ಲಿ ಕಾಣುತ್ತದೆ. ಆಮೇಲೆ ಮೊದಲು ಹೇಳಿದ್ದನ್ನೇ ಮತ್ತೆ ಹೇಳುತ್ತಾನೆ. ನೀನಾಗಿದ್ದರೆ ಅಲ್ಲಿ ಏನು ಬರೆಯುತ್ತಿದ್ದೆ ಅಂತ ನನಗೆ ಗೊತ್ತು, ಯಾಕೆಂದರೆ ಹನ್ನೆರಡನೇ ಪುಟದಲ್ಲಿ ಬರೆದಿದ್ದೀಯ. ಸಂದರ್ಶನ ಮಾಡುವ ಹುಡುಗನ ಬಾಯಲ್ಲಿ ಒಂದು ಕುಟುಕು ಮಾತು, ಅದರ ಮುಂದೆ ಆವರಣದಲ್ಲಿ 'ಎಲ್ಲರೂ ನಗುತ್ತಾರೆ'. ಅದನ್ನು ಹೊಡೆದುಹಾಕು. ನಿನ್ನ ಕ್ಯಾಮೆರಾ ಹುಡುಗ ಜಾಣತನ ತೋರಿಸಬಾರದು. ಅವನು ಈ ತಂಡವನ್ನು ಮೆಚ್ಚಿ ಬಂದವನು, ಗೊತ್ತಿಲ್ಲದ್ದನ್ನು ಸರಳವಾಗಿ ಕೇಳುವವನು. ಆ ಸಿನಿಮಾದಲ್ಲಿ ನಿರ್ದೇಶಕ ರಾಬ್ ರೈನರ್ ತಾನೇ ಆ ಪಾತ್ರ ಮಾಡಿದ್ದಾನೆ, ಮತ್ತು ಬ್ಯಾಂಡಿನ ಅಭಿಮಾನಿಯಾಗಿಯೇ ಮಾಡಿದ್ದಾನೆ.

ಇಲ್ಲಿ ನನ್ನದೊಂದು ಹಳೆಯ ವಿಷಯ ಹೇಳಬೇಕು. ಇದನ್ನು ಹೆಚ್ಚು ಜನರಿಗೆ ಹೇಳಿಲ್ಲ.

ನಿನ್ನ ವಯಸ್ಸಿನಲ್ಲಿ ನಾನು ಒಂದು ಹಾಸ್ಯ ಲೇಖನ ಬರೆದಿದ್ದೆ. ಜಮಖಂಡಿ ಕಡೆಯ ಒಂದು ಮದುವೆ ಮೆರವಣಿಗೆ, ಅದರಲ್ಲಿ ಬ್ಯಾಂಡಿನವರು, ಅವರಲ್ಲೊಬ್ಬರು ಕ್ಲಾರಿನೆಟ್ ನುಡಿಸುವವರು. ಅವತ್ತು ಅವರ ವಾದ್ಯ ಪ್ರತಿ ಸಾಲಿಗೂ ಕಿರುಚುತ್ತಿತ್ತು. ನಾನು ಆ ಕಿರುಚನ್ನು ಎಷ್ಟು ಬಗೆಯಲ್ಲಿ ವರ್ಣಿಸಬಹುದೋ ಅಷ್ಟೂ ವರ್ಣಿಸಿದೆ. ಪತ್ರಿಕೆಯಲ್ಲಿ ಬಂತು, ಜನ ಓದಿ ನಕ್ಕರು, ನನಗೆ ಬಹಳ ಖುಷಿಯಾಯಿತು. ಹದಿನೈದು ದಿನದ ಮೇಲೆ ಆ ಮನುಷ್ಯ ನಮ್ಮ ಮನೆ ಹುಡುಕಿಕೊಂಡು ಬಂದರು. ಜಗಳಕ್ಕೆ ಬಂದಿರಲಿಲ್ಲ. ಕಟ್ಟೆ ಮೇಲೆ ಕೂತರು, ಕೊಟ್ಟ ನೀರು ಕುಡಿದರು, ಅಂಗಿ ಜೇಬಿನಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದರು. ಒಳಗೆ ಒಂದು ರೀಡ್. ಬಿದಿರಿನ ಸಿಪ್ಪೆಯಂಥ ಚಿಕ್ಕ ಪಟ್ಟಿ, ತುದಿಯಲ್ಲಿ ಕೂದಲೆಳೆಯಷ್ಟು ಸೀಳು. "ಅವತ್ತ ಮುಂಜಾನೆ ಸೀಳಿತ್ತು. ಇನ್ನೊಂದ ಇರಲಿಲ್ಲ. ಮಿರಜಕ್ಕ ಹೋಗಿ ತರಬೇಕು. ಇದರಾಗನ ಮೂರ ತಾಸು ಊದೇನಿ" ಎಂದರು. ಇನ್ನೇನೂ ಹೇಳಲಿಲ್ಲ. ರೀಡನ್ನು ಮತ್ತೆ ಪೊಟ್ಟಣ ಕಟ್ಟಿ ಜೇಬಿಗೆ ಹಾಕಿಕೊಂಡು ಹೋದರು.

ಸೀಳಿದ ರೀಡಿನಲ್ಲಿ ಮೂರು ತಾಸು. ನಾನು ಬರೆಯಬೇಕಾಗಿದ್ದ ಕಥೆ ಅದು. ಅದರಲ್ಲಿ ನಗುವೂ ಜಾಸ್ತಿ ಇತ್ತು, ತಂಗಿ, ಕಡಿಮೆ ಇರಲಿಲ್ಲ. ಮುಂದಿನ ತಿರುವಿನಲ್ಲಿ ಯಾವ ಹಾಡು ಹೇಳುತ್ತಾರೋ, ಆ ಹಾಡಿನಲ್ಲಿ ಮೇಲಿನ ಸ್ವರ ಎಷ್ಟು ಸಲ ಬರುತ್ತದೋ ಅಂತ ಲೆಕ್ಕ ಹಾಕುತ್ತಾ ನಡೆಯುವ ಮನುಷ್ಯ, ಅವನ ಪಕ್ಕದಲ್ಲೇ ಏನೂ ಗೊತ್ತಿಲ್ಲದೆ ಕುಣಿಯುವ ವರನ ಗೆಳೆಯರು. ಕೇಳಿದ್ದರೆ ಅವರೇ ಎಲ್ಲ ಹೇಳುತ್ತಿದ್ದರು. ನಾನು ಕೇಳಲಿಲ್ಲ.

ಹಾಗಾಗಿ ನಿನ್ನ ಪ್ಯಾಡ್, ಅಂದರೆ ಎಲೆಕ್ಟ್ರಾನಿಕ್ ಡ್ರಮ್, ಬಾರಿಸುವವರ ಬಗ್ಗೆ ಮಾತಾಡೋಣ. ಸಿನಿಮಾದಲ್ಲಿ ಡ್ರಮ್ಮರುಗಳು ಒಬ್ಬರ ಹಿಂದೆ ಒಬ್ಬರು ವಿಚಿತ್ರವಾಗಿ ಸಾಯುತ್ತಾರೆ, ಒಬ್ಬ ತೋಟದ ಕೆಲಸದ ಅಪಘಾತದಲ್ಲಿ, ಇನ್ನೊಬ್ಬ ಕೂತಲ್ಲೇ ತಾನಾಗಿ ಹೊತ್ತಿಕೊಂಡು. ಅಲ್ಲಿಯ ರಾಕ್ ಲೋಕದಲ್ಲಿ ಚಿಕ್ಕ ವಯಸ್ಸಿನಲ್ಲೇ ಸತ್ತ ಡ್ರಮ್ಮರುಗಳಿದ್ದರು, ಜನರಿಗೆ ಆ ಸುದ್ದಿಗಳು ಗೊತ್ತಿದ್ದವು, ಅದಕ್ಕೇ ಆ ಮಾತು ಅಲ್ಲಿ ನಾಟುತ್ತದೆ. ನೀನೂ ಮೂರು ಜನರನ್ನು ಸಾಯಿಸಿದ್ದೀಯ. ನಮ್ಮ ಕಡೆ ಪ್ಯಾಡ್ ಬಾರಿಸುವವರು ಸಾಯುವುದಿಲ್ಲ, ಕಬ್ಬಿಗೆ ಹೋಗುತ್ತಾರೆ. ನಮ್ಮ ಸಕ್ಕರೆ ಕಾರ್ಖಾನೆಗಳು ಕಬ್ಬು ಅರೆಯಲು ಶುರು ಮಾಡುವುದು ದೀಪಾವಳಿ ಆಸುಪಾಸು, ನಿಲ್ಲಿಸುವುದು ಬೇಸಿಗೆ ಹೊತ್ತಿಗೆ. ದೊಡ್ಡ ದೊಡ್ಡ ಜಾತ್ರೆಗಳು ಬರುವುದೂ ಅದೇ ತಿಂಗಳಲ್ಲಿ. ಟ್ರ್ಯಾಕ್ಟರ್ ಓಡಿಸಲು ಬರುವ ಹುಡುಗನಿಗೆ ಕಬ್ಬಿನ ಹಂಗಾಮಿನಲ್ಲಿ ಸಿಗುವ ದುಡ್ಡನ್ನು ಯಾವ ಆರ್ಕೆಸ್ಟ್ರಾ ಕೊಡುತ್ತದೆ? ಕಾರ್ಯಕ್ರಮ ಜಾಸ್ತಿ ಇರುವ ಹೊತ್ತಿನಲ್ಲೇ ಪ್ರತಿ ವರ್ಷ ಹೊಸ ಪ್ಯಾಡ್ ಹುಡುಗ. ಮುಧೋಳದ ರಸ್ತೆಯಲ್ಲಿ ಎರಡು ಟ್ರೇಲರ್ ಕಬ್ಬು ಹೇರಿಕೊಂಡು ನಿಂತ ಟ್ರ್ಯಾಕ್ಟರು, ಅದರ ಹಿಂದೆ ಸಿಕ್ಕಿಹಾಕಿಕೊಂಡ ತಂಡದ ಕ್ರೂಸರ್, ಟ್ರ್ಯಾಕ್ಟರಿನ ಸೀಟಿನಲ್ಲಿ ಹಳೆಯ ಪ್ಯಾಡ್ ಹುಡುಗ. ಅವನು ಕೆಳಗಿಳಿದು ಹೊಸ ಹುಡುಗನಿಗೆ, ಬಾನೆಟ್ಟಿನ ಮೇಲೆ ಬೆರಳಲ್ಲಿ ಬಾರಿಸಿ, ಎರಡನೇ ಹಾಡಿನ ತಿರುವು ಹೇಳಿಕೊಡಲಿ. ಇಷ್ಟು ಬರೆದರೆ ಸಾಕು, ನಾನು ನಗುತ್ತೇನೆ, ಗಂಟಲೂ ಕಟ್ಟುತ್ತದೆ.

ಹಾಡುಗಳ ವಿಷಯ. ನೀನು ಹಾಡುಗಳನ್ನು ಬೇಕಂತಲೇ ಕೆಟ್ಟದಾಗಿ ಬರೆದಿದ್ದೀಯ. ಇದು ದೊಡ್ಡ ತಪ್ಪು. ಸ್ಪೈನಲ್ ಟ್ಯಾಪ್‌ನಲ್ಲಿ ಬ್ಯಾಂಡಿನವರ ಪಾತ್ರ ಮಾಡಿದ ಮೈಕಲ್ ಮಕೀನ್, ಕ್ರಿಸ್ಟಫರ್ ಗೆಸ್ಟ್, ಹ್ಯಾರಿ ಶೀರರ್ ಮೂವರೂ ತಾವೇ ಹಾಡಿದ್ದಾರೆ, ತಾವೇ ನುಡಿಸಿದ್ದಾರೆ. ರೈನರ್ ಜೊತೆ ಸೇರಿ ಹಾಡು ಕಟ್ಟಿದವರೂ ಅವರೇ. ಸಾಹಿತ್ಯ ಕೇಳಿದರೆ ನಗು ಬರುತ್ತದೆ, ಆದರೆ ಟ್ಯೂನು ತಲೆಯಲ್ಲಿ ಕೂರುತ್ತದೆ. ಸಿನಿಮಾ ಬಂದದ್ದು 1984ರಲ್ಲಿ, ಆದರೆ ಆ ಬ್ಯಾಂಡಿನ ಪಾತ್ರಗಳನ್ನು ಅವರು 1979ರಲ್ಲೇ ಒಂದು ಟಿವಿ ಕಾರ್ಯಕ್ರಮಕ್ಕಾಗಿ ಮಾಡಿದ್ದರು. ಅಷ್ಟು ವರ್ಷ ಆ ಮನುಷ್ಯರನ್ನು ಮೈಮೇಲೆ ಹಾಕಿಕೊಂಡು ತಿರುಗಿದ್ದಕ್ಕೇ ಕ್ಯಾಮೆರಾ ಮುಂದೆ ಬಹುಪಾಲು ಮಾತನ್ನು ಬರೆದಿಟ್ಟುಕೊಳ್ಳದೆ ಆಡಲು ಸಾಧ್ಯವಾಯಿತು. ಇದು ನಿಜವಾದ ಬ್ಯಾಂಡು ಅಂತ ನಂಬಿದ ಪ್ರೇಕ್ಷಕರೂ ಇದ್ದರು. ಆಮೇಲೆ ಅದು ನಿಜವಾದ ಬ್ಯಾಂಡೇ ಆಗಿಹೋಯಿತು ನೋಡು. 1992ರಲ್ಲಿ ಇನ್ನೊಂದು ಆಲ್ಬಂ ತಂದರು, ಊರೂರಿನಲ್ಲಿ ಕಾರ್ಯಕ್ರಮ ಕೊಟ್ಟರು, 2025ರಲ್ಲಿ ಅದೇ ಮೂವರು ಮುದುಕರಾಗಿ ಎರಡನೇ ಸಿನಿಮಾದಲ್ಲಿ ಬಂದರು.

ನಮ್ಮ ಕಡೆ ಇದು ಇನ್ನೂ ಮುಖ್ಯ. ಕುಮಾರ ಗಂಧರ್ವರು ಹುಟ್ಟಿದ ಸುಳೇಭಾವಿ ನಿನ್ನ ಊರಿಂದ ಎಷ್ಟು ದೂರ ಇದೆ? ಭಜನೆಯಲ್ಲಿ ತಾಳ ಹಾಕುವ ಅಜ್ಜನಿಗೂ ಸ್ವರ ತಪ್ಪಿದರೆ ಗೊತ್ತಾಗುವ ಸೀಮೆ ಇದು. ಇಲ್ಲಿಯ ಕಿವಿಗೆ ಕೆಟ್ಟ ಹಾಡು ಕೊಟ್ಟರೆ ನಗುವುದಿಲ್ಲ, ಎದ್ದು ಹೋಗುತ್ತಾರೆ. ನಿನ್ನ ತಂಡ ಚೆನ್ನಾಗಿಯೇ ಹಾಡಲಿ. ಹಾಡು ಚೆನ್ನಾಗಿದ್ದು, ಸರಿಯಾಗಿ ಏರುವ ಹೊತ್ತಿಗೆ, ನಿರೂಪಕ ಮಧ್ಯೆ ಬಂದು ಐವತ್ತೊಂದು ರೂಪಾಯಿ ಆಯೇರಿ ಕೊಟ್ಟವರ ಹೆಸರನ್ನು ಅಪ್ಪನ ಹೆಸರು, ಅಡ್ಡ ಹೆಸರು, ಊರು ಸಮೇತ ಓದಲಿ. ಗಾಯಕರು ಆ ಸ್ವರವನ್ನು ಹಿಡಿದೇ ನಿಂತಿರಲಿ, ಹೆಸರು ಮುಗಿಯುವವರೆಗೆ.

ಇನ್ನೊಂದು, ಬಹುಶಃ ಎಲ್ಲಕ್ಕಿಂತ ಬೇಕಾದದ್ದು. ನಿನ್ನ ನಲವತ್ತು ಪುಟದಲ್ಲಿ ಯಾರೂ ಯಾರಿಗೂ ಬೇಕಾದವರಲ್ಲ. ಸಿನಿಮಾದಲ್ಲಿ ಬ್ಯಾಂಡಿನ ಗಾಯಕ ಡೇವಿಡ್ ಮತ್ತು ನೈಜೆಲ್ ಬಾಲ್ಯದ ಗೆಳೆಯರು. ಪ್ರವಾಸ ಹಾಳಾಗುತ್ತಾ ಹೋಗುತ್ತದೆ, ವಾಯುಪಡೆಯ ನೆಲೆಯಲ್ಲಿ ಕಾರ್ಯಕ್ರಮ ಕೆಟ್ಟು ನೈಜೆಲ್ ಗಿಟಾರ್ ಬಿಟ್ಟು ಹೊರಟುಹೋಗುತ್ತಾನೆ, ಉಳಿದವರು ಬೊಂಬೆಯಾಟದ ಹೆಸರಿನ ಕೆಳಗೆ ತಮ್ಮ ಹೆಸರು ಬರೆದಿರುವ ಫಲಕದ ಊರಿಗೆ ಬರುತ್ತಾರೆ. ಕೊನೆಗೆ ಒಂದು ದಿನ ನೈಜೆಲ್ ವೇದಿಕೆಯ ಪಕ್ಕದಲ್ಲಿ ಬಂದು ನಿಲ್ಲುತ್ತಾನೆ. ಡೇವಿಡ್ ಹಾಡುತ್ತಾ ಅವನನ್ನು ನೋಡುತ್ತಾನೆ. ಕರೆಯುತ್ತಾನೆ. ಅಲ್ಲಿ ಒಂದೇ ಒಂದು ಜೋಕಿಲ್ಲ, ಆದರೆ ಆ ಒಂದು ನಿಮಿಷ ಇಲ್ಲದಿದ್ದರೆ ಹನ್ನೊಂದರ ಜೋಕನ್ನೂ ನಾವು ಇಷ್ಟು ವರ್ಷ ನೆನಪಿಟ್ಟುಕೊಳ್ಳುತ್ತಿರಲಿಲ್ಲ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ. ನಿನ್ನ ಗಾಯಕರಿಗೂ ಕೀಬೋರ್ಡಿನವರಿಗೂ ಮಾತು ಬಿಟ್ಟು ಎಷ್ಟು ವರ್ಷ ಆಗಿದೆ? ಯಾಕೆ ಬಿಟ್ಟರು? ಆದರೂ ಒಂದೇ ಕ್ರೂಸರಿನಲ್ಲಿ ಯಾಕೆ ಬರುತ್ತಾರೆ? ಇದನ್ನು ನೀನು ಕಂಡುಹಿಡಿ. ಇದರಲ್ಲಿ ನಾನು ಏನೂ ಹೇಳಿಕೊಡಲಾರೆ.

ಎಲ್ಲವನ್ನೂ ಈಗಲೇ ತಿದ್ದಲು ಕೂರಬೇಡ. ಮೊದಲು ಯಾವುದಾದರೂ ತಂಡದ ಜೊತೆ ಒಂದು ವಾರ ಓಡಾಡು, ವೈರು ಸುತ್ತಿಕೊಡು, ಸ್ಪೀಕರ್ ಎತ್ತು, ರಾತ್ರಿ ಎರಡಕ್ಕೆ ಅವರು ಮಿರ್ಚಿ ಭಜಿ ತಿನ್ನುವಾಗ ಪಕ್ಕದಲ್ಲಿರು. ಬಾದಾಮಿಗೆ ಬಾ, ಬನದ ಹುಣ್ಣಿಮೆಗೆ ಬನಶಂಕರಿ ತೇರು ಎಳೆದ ಮೇಲೆ ವಾರಗಟ್ಟಲೆ ರಾತ್ರಿಯಿಡೀ ಕಂಪನಿ ನಾಟಕಗಳು ನಡೆಯುತ್ತವೆ, ಪರದೆ ಹಿಂದೆ ಕೂರಲು ನಾನು ಮಾತಾಡಿ ಜಾಗ ಮಾಡಿಕೊಡುತ್ತೇನೆ. ಆ ಹೊತ್ತಿನಲ್ಲಿ ಅಲ್ಲಿ ರೂಮು ಸಿಗುವುದಿಲ್ಲ, ಬಾಗಲಕೋಟೆಗೆ ನಮ್ಮ ಮನೆಗೇ ಬಂದುಬಿಡು, ನಿಮ್ಮ ಅತ್ತಿಗೆಗೂ ಹೇಳಿದ್ದೇನೆ. ದಪ್ಪನೆಯ ಸ್ವೆಟರ್ ತಗೊಂಡು ಬಾ.

ನಿನ್ನ ಅಣ್ಣ