ರಾತ್ರಿಯ ಮಾತ್ರೆ ಬಿಡಬೇಡ ಕಣೇ

ಚಿ. ಸುಮಾಗೆ ದೊಡ್ಡಮ್ಮನ ಆಶೀರ್ವಾದಗಳು.

ಕಾಗದ ಬಂತು. ಅಣ್ಣ ತನ್ನ ಲಿವರಿನ ಭಾಗ ಕೊಟ್ಟು ನಿನಗೆ ಕಸಿಯಾದದ್ದು, ಉಳಿದದ್ದೆಲ್ಲ ನಿಮ್ಮಮ್ಮ ಫೋನಿನಲ್ಲಿ ಹೇಳಿದ್ದಾಳೆ. ಕೊನೆಗೆ ನೀನು ಬರೆದ ಒಂದು ಸಾಲು ಮಾತ್ರ ನನಗೆ ನಿದ್ದೆ ಬರಗೊಡಲಿಲ್ಲ: "ಈ ಮಾತ್ರೆಗಳು ಲಿವರ್ ಬೆಳೆಯೋದಕ್ಕೇ ಬಿಡಲ್ಲವಂತೆ, ರಾತ್ರಿಯದು ಬಿಟ್ಟರೆ ಆಗುತ್ತಾ?" ಬಿಟ್ಟಿಲ್ಲ ತಾನೆ?

ನೀನು ಕೇಳಿದ್ದು ಪೂರ್ತಿ ಸುಳ್ಳಾಗಿದ್ದರೆ ಒಂದೇ ಮಾತಿನಲ್ಲಿ ತಳ್ಳಿಹಾಕುತ್ತಿದ್ದೆ. ಸಿರೋಲಿಮಸ್, ಎವರೋಲಿಮಸ್ ಅಂತ ಎರಡು ಔಷಧಿಗಳಿವೆ. ಜೀವಕೋಶ ದಪ್ಪವಾಗಿ ಎರಡಾಗಲು ಬೇಕಾದ ಎಂಟಾರ್ ಎಂಬ ಪ್ರೋಟೀನನ್ನೇ ಅವು ತಡೆಯುತ್ತವೆ. ಲಿವರಿನ ಭಾಗ ತೆಗೆದ ಇಲಿಗಳಿಗೆ ಸಿರೋಲಿಮಸ್ ಕೊಟ್ಟಾಗ ಬೆಳವಣಿಗೆ ಹಿಂದೆ ಬಿದ್ದದ್ದು ನಿಜ. ಹೊಲಿಗೆ ಕೂಡುವುದೂ ತಡ. ಲಿವರಿಗೆ ಹೋಗುವ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಭಯವೂ ಇದೆ, ಅದಕ್ಕೇ ಲಿವರ್ ಕಸಿಯಾದವರಿಗೆ ಮೊದಲ 30 ದಿನ ಎವರೋಲಿಮಸ್ ಶುರುಮಾಡುವುದಿಲ್ಲ.

ನಿನ್ನ ಚೀಟಿಯಲ್ಲಿರುವುದು ಟ್ಯಾಕ್ರೋಲಿಮಸ್. ಅದರ ದಾರಿಯೇ ಬೇರೆ. ಅದು ಕ್ಯಾಲ್ಸಿನ್ಯೂರಿನ್ ಎಂಬ ಕಿಣ್ವವನ್ನು ತಡೆದು, ಕಸಿಯಾದ ಲಿವರನ್ನು ಹೊರಗಿನದೆಂದು ಎರಗುವ ಟಿ ಕೋಶಗಳೆಂಬ ಬಿಳಿ ರಕ್ತಕಣಗಳನ್ನು ಸುಮ್ಮನಾಗಿಸುತ್ತದೆ. ಲಿವರ್ ಕೋಶಗಳ ಬೆಳವಣಿಗೆ ಅದರಿಂದ ನಿಲ್ಲುವುದಿಲ್ಲ. ಪ್ರಾಣಿಗಳ ಮೇಲಿನ ಕೆಲವು ಪ್ರಯೋಗಗಳಲ್ಲಿ ಚುರುಕಾಗಿದ್ದೂ ಉಂಟು. ಜೊತೆಗೆ ಕೊಡುವ ಸ್ಟೆರಾಯ್ಡ್ ಜಾಸ್ತಿಯಾದರೆ ಬೆಳವಣಿಗೆಯನ್ನು ಎಬ್ಬಿಸುವ ಐಎಲ್-6 ಸಂಕೇತ ಕುಗ್ಗೀತು, ಆದರೆ ಅದನ್ನು ಹೇಗೂ ಇಳಿಸುತ್ತಾ ಬರುತ್ತಾರೆ.

ಅಣ್ಣನದು ಮಾತ್ರೆಯಿಲ್ಲದೆ ಬೆಳೆಯುತ್ತಿದೆ, ನನ್ನದು ನಿಂತುಬಿಟ್ಟರೆ ಅಂತ ಹೆದರಿದ್ದೀಯಲ್ಲ, ಇದನ್ನು ಕೇಳು. ಮೂರು ತಿಂಗಳ ಸ್ಕ್ಯಾನಿನಲ್ಲಿ ಕೊಟ್ಟವರಿಗಿಂತ ಪಡೆದವರ ಲಿವರೇ ಹೆಚ್ಚು ತುಂಬಿಕೊಂಡಿರುವುದು ಸಾಮಾನ್ಯ. ಮಾತ್ರೆ ನುಂಗುತ್ತಲೇ, ಪುಟ್ಟಿ!

ವಾರ್ಡಿನಲ್ಲಿ ಅಷ್ಟು ವರ್ಷ ಮಾತ್ರೆಯ ಹೊತ್ತು ಹೇಳಿಕೊಟ್ಟೆ, ಯಾವ ಮಾತ್ರೆ ಏನು ಮಾಡುತ್ತದೆ ಅಂತ ಬಿಡಿಸಿ ಹೇಳಿದ್ದು ಕಡಿಮೆ. ಆ ಕೊರಗು ಈಗ ನಿನ್ನ ಕಾಗದ ನೋಡಿ ಮತ್ತೆ ಎದ್ದಿತು.

ಹೊತ್ತು ತಪ್ಪಿಸಿದರೆ ಏನಾಗುತ್ತದೆ ಗೊತ್ತಾ? ಟಿ ಕೋಶಗಳು ಎಚ್ಚೆತ್ತು ಪಿತ್ತನಾಳಗಳ ಮೇಲೆ, ರಕ್ತನಾಳಗಳ ಒಳಪದರದ ಮೇಲೆ ಎರಗುತ್ತವೆ. ಆಗ ಸ್ಟೆರಾಯ್ಡನ್ನು ದೊಡ್ಡ ಪ್ರಮಾಣದಲ್ಲಿ ರಕ್ತನಾಳಕ್ಕೇ ಕೊಡಬೇಕಾಗುತ್ತದೆ. ಯಾವುದಕ್ಕೆ ಹೆದರಿ ಮಾತ್ರೆ ಬಿಡಲು ಹೊರಟೆಯೋ ಅದನ್ನೇ ಕರೆದಂತೆ.

ಇನ್ನೊಂದು, ಮುಂದೆ ಡೋಸ್ ಏರಿಸಿದರೆ ಗಾಬರಿಯಾಗಬೇಡ. ಚಿಕ್ಕ ಲಿವರ್ ಟ್ಯಾಕ್ರೋವನ್ನು ನಿಧಾನವಾಗಿ ಕರಗಿಸುತ್ತದೆ, ಅದಕ್ಕೇ ಈಗ ಕಡಿಮೆ ಸಾಕು. ಬೆಳೆದಂತೆ ಬೇಗ ಕರಗಿಸುತ್ತದೆ, ಹೆಚ್ಚು ಬೇಕಾಗಬಹುದು.

ನಿನ್ನ ಡಾಕ್ಟರರಿಗಿಂತ ಹೆಚ್ಚು ಹೇಳಲು ನಾನು ಯಾರು, ಆದರೂ ಮನಸ್ಸು ತಡೆಯುವುದಿಲ್ಲ. ಎರಡು ಹೊತ್ತಿನ ನಡುವೆ 12 ಗಂಟೆ ಇರಲಿ. ಲೆವೆಲ್‌ಗೆ, ಅಂದರೆ ರಕ್ತದಲ್ಲಿ ಟ್ಯಾಕ್ರೋ ಎಷ್ಟಿದೆ ಅಂತ ನೋಡಲು, ರಕ್ತ ಕೊಡುವ ದಿನ ಬೆಳಗಿನ ಮಾತ್ರೆ ಕೈಚೀಲದಲ್ಲಿರಲಿ, ಸೂಜಿ ತೆಗೆದ ಮೇಲೆ ನುಂಗು. ಮೊದಲೇ ನುಂಗಿದರೆ ಅಂಕಿ ಏರಿ ಕಂಡು ಡೋಸ್ ಸುಮ್ಮನೆ ಇಳಿಸಿಬಿಡುತ್ತಾರೆ. ಭೇದಿಯಾದರೆ ಲೆವೆಲ್ ಏರುತ್ತದೆ, ಆ ದಿನವೇ ಫೋನ್ ಮಾಡು. ಶಿಲೀಂಧ್ರದ ಸೋಂಕಿಗೆ ಕೊಡುವ ಫ್ಲುಕೊನಜೋಲ್, ಆಂಟಿಬಯಾಟಿಕ್ ಕ್ಲಾರಿಥ್ರೋಮೈಸಿನ್ ಕೂಡ ಏರಿಸುತ್ತವೆ, ಕ್ಷಯಕ್ಕೆ ಕೊಡುವ ರಿಫಾಂಪಿಸಿನ್ ಇಳಿಸುತ್ತದೆ. ಮೈಕೈ ನೋವಿಗೆ ಐಬುಪ್ರೊಫೇನ್ ಬೇಡ, ಟ್ಯಾಕ್ರೋ ಜೊತೆ ಸೇರಿ ಕಿಡ್ನಿಗೆ ಪೆಟ್ಟು. ಕೈ ನಡುಗಿದರೂ ತಿಳಿಸು, ಲೆವೆಲ್ ಜಾಸ್ತಿಯಾಗಿರಬಹುದು.

ಇವತ್ತಿನ ರಾತ್ರಿಯ ಮಾತ್ರೆ ನುಂಗಿದ ಮೇಲೆ ನನಗೊಂದು ಫೋನ್ ಮಾಡು. ಎಷ್ಟು ಹೊತ್ತಾದರೂ ಎದ್ದಿರುತ್ತೇನೆ.

ಇತಿ,
ನಿನ್ನ ದೊಡ್ಡಮ್ಮ